ಕೆಜಿಎಫ್‌ನವರು ಎಲ್ಲಿಯವರು?

2025ರ ಮೇ ತಿಂಗಳಲ್ಲಿ ಕರ್ನಾಟಕದ ಪರಿಶಿಷ್ಟ ಜಾತಿಯವರ ಮನೆಗಳಿಗೆ ಸಮೀಕ್ಷೆಯವರು ಬಂದರು. ಒಳಮೀಸಲಾತಿಯನ್ನು, ಅಂದರೆ ಪರಿಶಿಷ್ಟ ಜಾತಿಗಳ ಒಟ್ಟು ಮೀಸಲಾತಿಯನ್ನು ಅವುಗಳ ಒಳಗಿನ ಗುಂಪುಗಳಿಗೆ, ಹೇಗೆ ಹಂಚಬೇಕು ಎಂದು ತಿಳಿಸಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಅದು. ಬೇರೆ ಪ್ರಶ್ನೆಗಳಿಗೆಲ್ಲ ಉತ್ತರ ಸಲೀಸು. ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಜಾತಿ ಸರ್ಟಿಫಿಕೇಟಿನಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಅಥವಾ ಆದಿ ಆಂಧ್ರ ಎಂದು ಇದ್ದವರು ಅದರ ಹಿಂದಿನ ಮೂಲ ಜಾತಿ ಯಾವುದು ಅಂತ ಹೇಳಬೇಕಿತ್ತು.

ಸುಮಾರು 4.7 ಲಕ್ಷ ಜನ ಹೇಳಲಿಲ್ಲ. ಹೇಳಲು ಇಷ್ಟವಿಲ್ಲದವರು ಅವರಲ್ಲಿ ಇದ್ದಿರಬೇಕು, ಗೊತ್ತಿಲ್ಲದವರೂ ಇದ್ದಿರಬೇಕು. ಆಯೋಗ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಇಂಥವರಿಗೇ ಒಂದು ಬೇರೆ ಗುಂಪು ಮಾಡಿ ಶೇ 1ರಷ್ಟು ಮೀಸಲಾತಿ ಇಡಿ ಅಂದಿತು. ಸಚಿವ ಸಂಪುಟ ಅದನ್ನು ಒಪ್ಪಲಿಲ್ಲ. ಆಗಸ್ಟ್ 19ರಂದು 6-6-5ರ ಸೂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಎಡಗೈ (ಮಾದಿಗ ಸಂಬಂಧಿತ ಜಾತಿಗಳ) ಗುಂಪಿಗೆ ಶೇ 6, ಬಲಗೈ (ಹೊಲೆಯ ಸಂಬಂಧಿತ ಜಾತಿಗಳ) ಗುಂಪಿಗೆ ಶೇ 6, ಉಳಿದವರಿಗೆ ಶೇ 5. ‘ಆದಿ’ಗಳಿಗೆ ಪ್ರತ್ಯೇಕ ಜಾಗ ಉಳಿಯಲಿಲ್ಲ. ಅವರು ಎಡಕ್ಕೋ ಬಲಕ್ಕೋ ಸೇರಬೇಕು.

ಈ ಸೂತ್ರ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ದಶಕಗಳಿಂದ ಬೀದಿಯಲ್ಲಿ ಕೂತು ಒಳಮೀಸಲಾತಿ ಕೇಳಿದವರ ಮಾತಿನಲ್ಲಿ ನ್ಯಾಯವಿದೆ. ನನಗೆ ಕುತೂಹಲ ಬೇರೆ. ನೂರು ವರ್ಷಕ್ಕೂ ಹಿಂದೆ ಊರು ಬಿಟ್ಟು ಬಂದು, ಬಂದ ಕಡೆ ಬೇರೆಯೇ ಬದುಕು ಕಟ್ಟಿಕೊಂಡವರನ್ನು ಹಿಡಿದು ‘ಮೂಲದಲ್ಲಿ ನೀವು ಯಾರು’ ಅಂತ ಕೇಳಿದರೆ ಏನಾಗುತ್ತದೆ? ಇದಕ್ಕೆ ಕೆಜಿಎಫ್‌ಗಿಂತ, ಅಂದರೆ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರಾದ ಕೋಲಾರ ಗೋಲ್ಡ್ ಫೀಲ್ಡ್ಸ್‌ಗಿಂತ, ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ. ಅಲ್ಲಿನ ಗಣಿ ಕಾರ್ಮಿಕರ ಮನೆಗಳಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರವು. ಅವರನ್ನು ಕೇಳಿದರೆ ಮೊದಲು ಬರುವ ಉತ್ತರ ಜಾತಿಯದಲ್ಲ, ಜಿಲ್ಲೆಯದೂ ಅಲ್ಲ. ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ಎಂದು ಯಾವುದೋ ಗಣಿಯ ಹೆಸರು ಬರುತ್ತದೆ.

ಹಾಗಾದರೆ ಇವರು ಬಂದದ್ದು ಹೇಗೆ?

ಅಲ್ಲಿ ಚಿನ್ನ ಇದೆ ಎಂಬುದು ಸುತ್ತಲಿನ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಅವರೇ ಮಣ್ಣು ತೊಳೆದು ಚಿನ್ನದ ಪುಡಿ ತೋರಿಸಿದರು. ವಾರನ್ ಬರೆದಿಟ್ಟದ್ದನ್ನು ಎಷ್ಟೋ ವರ್ಷಗಳ ನಂತರ ಬೆಂಗಳೂರು ದಂಡಿನಲ್ಲಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಶ್ ಸಿಪಾಯಿ ಓದಿದ. ಇವತ್ತಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. 1871ರಲ್ಲಿ ಅವನು ಹುಡುಕಿಕೊಂಡು ಹೋದ, 1875ರಲ್ಲಿ ಲೈಸೆನ್ಸ್ ಪಡೆದ. ಆದರೆ ಗಣಿ ತೋಡಲು ಬೇಕಾದಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿದ ಮೇಲೆ ಚಿನ್ನ ಹೊರಬಂತು.

ಇದೇ ಹೊತ್ತಿಗೆ ಇನ್ನೊಂದು ಘಟನೆ ನಡೆದಿತ್ತು. 1876ರಿಂದ 78ರವರೆಗಿನ ಬರ. ಮೈಸೂರು ಸಂಸ್ಥಾನದಲ್ಲಿ ಐದರಲ್ಲಿ ಒಂದು ಪಾಲು ಜನ ಹೋದರು ಅಂತಾರೆ. ಪಕ್ಕದ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಸೇಲಂ ಜಿಲ್ಲೆಗಳೂ ನೆಲ ಕಚ್ಚಿದವು. ಅಲ್ಲಿನ ದಲಿತರಿಗೆ ಮೊದಲೇ ಜಮೀನಿರಲಿಲ್ಲ. ಜಮೀನ್ದಾರನ ಹೊಲದಲ್ಲಿ ಜೀತ, ಊರಾಚೆ ಚೇರಿಯಲ್ಲಿ ಮನೆ. ಬರ ಬಂದಾಗ ಇಂಥವರೇ ಮೊದಲು ಊರು ಬಿಟ್ಟರು. ಸಿಲೋನಿನ ಟೀ ತೋಟ, ಬರ್ಮಾ, ದಕ್ಷಿಣ ಆಫ್ರಿಕಾದ ಕಬ್ಬಿನ ಗದ್ದೆ, ಮಲಯದ ರಬ್ಬರ್ ತೋಟ ಎಂದು ತಮಿಳು ಜಿಲ್ಲೆಗಳಿಂದ ಜನ ಆ ಕಾಲದಲ್ಲಿ ಎಲ್ಲೆಲ್ಲಿಗೋ ಹೋದರು. ಕೆಜಿಎಫ್ ಆ ಸಾಲಿನಲ್ಲಿ ತೀರಾ ಹತ್ತಿರದ್ದು. ಕಡಲು ದಾಟಬೇಕಾಗಿರಲಿಲ್ಲ, ಬಾಂಡಿಗೆ ಹೆಬ್ಬೆಟ್ಟು ಒತ್ತಬೇಕಾಗಿರಲಿಲ್ಲ. ಮೂಟೆ ಹೊತ್ತು ನಡೆದರೂ ತಲುಪಬಹುದಿತ್ತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂದ ಮೇಲೆ ಇನ್ನೂ ಸುಲಭವಾಯಿತು.

ಕೋಲಾರದ ರೈತರು ಯಾಕೆ ಹೋಗಲಿಲ್ಲ ಅಂತ ಕೆಲವರು ಕೇಳುತ್ತಾರೆ. ಕೆಲವರು ಹೋದರು. ಆದರೆ ತುಂಡು ಜಮೀನಾದರೂ ಇದ್ದವನು ಭೂಮಿಯ ಹೊಟ್ಟೆಯೊಳಗೆ ಇಳಿಯಲು ಸುಲಭಕ್ಕೆ ಒಪ್ಪುವುದಿಲ್ಲ. ಇಳಿದವರು ಕಳೆದುಕೊಳ್ಳಲು ಏನೂ ಇಲ್ಲದವರು. ಮುಂದೆ ‘ಹೊರಗಿನಿಂದ ಬಂದು ನಮ್ಮ ಕೆಲಸ ಕಿತ್ತುಕೊಂಡರು’ ಎಂಬ ಮಾತು ಯಾವಾಗಲಾದರೂ ಬಂದರೆ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಆ ಕೆಲಸಕ್ಕೆ ಆಗ ಯಾರೂ ಕ್ಯೂ ನಿಂತಿರಲಿಲ್ಲ.

ಕೆಲಸ ಎಂಥದ್ದು? ಕಬ್ಬಿಣದ ಕೇಜಿನಲ್ಲಿ ಒತ್ತೊತ್ತಾಗಿ ನಿಂತು ಕತ್ತಲಿಗೆ ಇಳಿಯಬೇಕು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಆ ಆಳದಲ್ಲಿ ಬಂಡೆಯೇ 60 ಡಿಗ್ರಿ ಮುಟ್ಟುತ್ತದೆ. ಮೈಮೇಲೆ ಬಟ್ಟೆ ನಿಲ್ಲುವುದಿಲ್ಲ. ರಾಕ್ ಬರ್ಸ್ಟ್ ಎಂಬುದು ಇನ್ನೊಂದು ಭಯ. ಮೇಲಿನ ಭಾರ ತಡೆಯಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಕೆಳಗೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು. ಆಗ ಮನೆಯ ಹೆಂಗಸರು ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಕಡೆ ಓಡುತ್ತಿದ್ದರು. ಇದೆಲ್ಲ ತಪ್ಪಿಸಿಕೊಂಡವನನ್ನು ಕಲ್ಲಿನ ದೂಳು ಹಿಡಿಯುತ್ತಿತ್ತು. ಭಾರತದಲ್ಲಿ ಸಿಲಿಕೋಸಿಸ್ ಎಂಬ ಈ ಶ್ವಾಸಕೋಶದ ಕಾಯಿಲೆ ಮೊದಲು ವರದಿಯಾದದ್ದೇ ಇಲ್ಲಿ, 1934ರಲ್ಲಿ.

ಇಷ್ಟಾದರೂ ಜನ ಬರುತ್ತಲೇ ಇದ್ದರು. ಯಾಕೆ ಅಂದರೆ ಸಂಬಳ ಕೈಗೆ ದುಡ್ಡಾಗಿ ಬರುತ್ತಿತ್ತು. ಕಣದ ಮೂಲೆಯಲ್ಲಿ ಗೌಂಡರು ಅಳೆದು ಹಾಕುವ ರಾಗಿಯಲ್ಲ ಅದು. ಸಂಬಳ ತಗೊಂಡು ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಹೋಗಿ ಚಪ್ಪಲಿ ಕೊಂಡು ಹಾಕಿಕೊಂಡರೆ ತಡೆಯುವವರು ಇರಲಿಲ್ಲ. ಹಳ್ಳಿಯಲ್ಲಿ ಇದೇ ಮನುಷ್ಯ ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಗಣಿಯ ನರಕವನ್ನು ಅವರು ಸಹಿಸಿಕೊಂಡದ್ದಕ್ಕೆ ಸಂಬಳದಷ್ಟೇ ದೊಡ್ಡ ಕಾರಣ ಈ ಚಪ್ಪಲಿ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಕಂಪನಿ ಜಾತಿ ಮರೆತಿತ್ತು ಅಂದುಕೊಳ್ಳಬೇಡಿ. ಅದು ಜಾತಿಯನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿತು. ಮೇಲೆ ಇಂಗ್ಲಿಷರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ನುರಿತ ಗಣಿಗರು. ಅವರ ಕೆಳಗೆ ಆಂಗ್ಲೋ ಇಂಡಿಯನ್ನರು. ಪಹರೆಗೆ ಪಂಜಾಬಿನಿಂದ ಕರೆಸಿದವರು. ಆಫೀಸು, ವರ್ಕ್‌ಶಾಪುಗಳಲ್ಲಿ ಬೇರೆ ಬೇರೆ ಜಾತಿಯವರು. ನೆಲದಡಿಯ ಕಷ್ಟದ ಕೆಲಸಕ್ಕೆ ಆದಿ ದ್ರಾವಿಡರು. ಸಾಹೇಬರಿಗೆ ಕ್ಲಬ್ಬು, ಗಾಲ್ಫ್ ಮೈದಾನ, ಹೂದೋಟದ ಬಂಗಲೆ. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರ್ ಹತ್ತಿರ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಆ ಕರೆಂಟು ಬಂದದ್ದು ಗಣಿಯ ಯಂತ್ರ ಓಡಿಸಲು. ಕಾರ್ಮಿಕ ಆಗ ಬಿದಿರಿನ ತಟ್ಟಿ ಗೋಡೆಯ ಮನೆಯಲ್ಲಿದ್ದ.

ಆ ತಟ್ಟಿ ಮನೆಗಳೇ ಮುಂದೆ ‘ಲೈನ್’ಗಳಾದವು. ಒಂದು ಲೈನ್ ಮನೆಯನ್ನು ಸ್ವಲ್ಪ ನೋಡೋಣ. ಒಂದಕ್ಕೊಂದು ಅಂಟಿದ ಸಾಲು ಮನೆ. ಎಡಗೋಡೆ ಪಕ್ಕದವರದ್ದೂ ಹೌದು, ಬಲಗೋಡೆ ಇನ್ನೊಬ್ಬರದ್ದೂ ಹೌದು. ಒಳಗೆ ಒಂದೇ ಕೋಣೆ. ಮೂಲೆಯಲ್ಲಿ ಒಲೆ, ಎದುರು ಗೋಡೆಗೆ ದೇವರ ಪಟ. ರಾತ್ರಿ ಶಿಫ್ಟ್ ಮುಗಿಸಿ ಬಂದ ಗಂಡಸು ಹಗಲು ಮಲಗಬೇಕು, ಮಕ್ಕಳು ಆಗ ಹೊರಗೇ ಇರಬೇಕು. ಮುಂದೆ ಮೊಣಕಾಲುದ್ದದ ಜಗುಲಿ. ನಲ್ಲಿ ಬೀದಿಗೆಲ್ಲ ಸೇರಿ ಒಂದು. ದಿನ ಬೆಳಗಾಗುವುದು ಗಣಿಯ ಸೈರನ್ನಿಗೆ. ಒಬ್ಬರ ಮನೆಯ ಜಗಳ ಇಡೀ ಲೈನಿಗೆ ಕೇಳುತ್ತದೆ, ಸಾವೂ ಹಾಗೇ. ಬೇರೆ ಬೇರೆ ಹಳ್ಳಿಗಳಿಂದ ಬಂದ, ಒಬ್ಬರಿಗೊಬ್ಬರು ನೆಂಟರಲ್ಲದ ಜನ ಹೀಗೆ ಗೋಡೆ ಹಂಚಿಕೊಂಡು ಎರಡು ಮೂರು ತಲೆಮಾರು ಬದುಕಿದರೆ ಊರಿನ ನೆಂಟಸ್ತಿಕೆಗಿಂತ ಲೈನಿನ ನೆಂಟಸ್ತಿಕೆ ಗಟ್ಟಿಯಾಗುತ್ತದೆ. ‘ನಾವು ಇಂಥ ಬ್ಲಾಕಿನವರು’ ಅಂತ ಕೆಜಿಎಫ್‌ನವರು ಹೇಳುವಾಗ ಅದರಲ್ಲಿ ಇದೆಲ್ಲ ಇರುತ್ತದೆ.

1930ರಲ್ಲಿ ಈ ಒಗ್ಗಟ್ಟು ಏನು ಮಾಡಬಲ್ಲದು ಅಂತ ಕಂಪನಿಗೆ ಗೊತ್ತಾಯಿತು. ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಬೇಕು ಎಂಬ ಆದೇಶ ಬಂದಿತ್ತು. ಅದು ಕಳ್ಳರಿಗೆ ಮಾಡುವ ಮರ್ಯಾದೆ, ನಾವು ಕಳ್ಳರಲ್ಲ ಅಂತ ಜನ ಕೆಲಸ ಬಿಟ್ಟರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಗಮನಿಸಿ, ಸಂಬಳ ಜಾಸ್ತಿ ಮಾಡಿ ಅಂತ ಶುರುವಾದ ಮುಷ್ಕರ ಅಲ್ಲ ಅದು. ಮರ್ಯಾದೆಯ ಪ್ರಶ್ನೆ. ಆಮೇಲೆ ಯೂನಿಯನ್‌ಗಳು ಬಂದವು, ಕಮ್ಯುನಿಸ್ಟರು ಬಂದರು. 1946ರ ನವೆಂಬರ್‌ನಲ್ಲಿ ಗೋಲಿಬಾರ್ ಆಗಿ ಕಾರ್ಮಿಕರು ಸತ್ತರು. ಹುತಾತ್ಮರ ನೆನಪು ಈಗಲೂ ಅಲ್ಲಿ ಮಾಡುತ್ತಾರೆ.

ಆದರೆ ಯೂನಿಯನ್ನಿಗಿಂತ ಮೊದಲೇ ಅಲ್ಲಿಗೆ ಬುದ್ಧ ಬಂದಿದ್ದ. ಕೆಜಿಎಫ್ ಕಥೆಯಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ.

ಅಯೋಥಿ ದಾಸರ್ ಎಂಬ ತಮಿಳು ದಲಿತ ಪಂಡಿತರು 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧರಾದರು. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ 58 ವರ್ಷ ಮೊದಲು. ನಾವು ಹಿಂದೆ ಬೌದ್ಧರಾಗಿದ್ದೆವು, ಅದನ್ನು ಬಿಡಲಿಲ್ಲ ಅಂತಲೇ ನಮ್ಮನ್ನು ಅಸ್ಪೃಶ್ಯರನ್ನಾಗಿ ಮಾಡಿದರು ಎಂಬುದು ಅವರ ವಾದ. 1907ರಲ್ಲಿ ಅವರು ಮದ್ರಾಸಿನಲ್ಲಿ ಒಂದು ವಾರಪತ್ರಿಕೆ ಶುರು ಮಾಡಿದರು. ಬೆಲೆ ಒಂದು ಪೈಸೆ. ಮುಂದೆ ಅದರ ಹೆಸರು ‘ತಮಿಳನ್’ ಎಂದಾಯಿತು. ಅವರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಎದ್ದವು. ಅವರು 1914ರಲ್ಲಿ ತೀರಿಕೊಂಡ ಮೇಲೆ ಪತ್ರಿಕೆ ಹೆಚ್ಚು ಕಾಲ ನಡೆಯಲಿಲ್ಲ. ನಿಂತುಹೋದ ಅದನ್ನು 1926ರಲ್ಲಿ ಜಿ. ಅಪ್ಪಾದುರೈ ಮತ್ತೆ ಹೊರಡಿಸಿದರು. ಎಲ್ಲಿಂದ ಗೊತ್ತಾ? ಮದ್ರಾಸಿನಿಂದಲ್ಲ, ಕೆಜಿಎಫ್‌ನಿಂದ.

ಯಾಕೆ ಹೀಗೆ ಎಂಬುದು ಯೋಚಿಸಬೇಕಾದ ವಿಷಯ. ತಮಿಳು ಹಳ್ಳಿಯಲ್ಲಿ ಒಬ್ಬ ದಲಿತ ‘ನಾನು ಹಿಂದೂ ಅಲ್ಲ, ಬೌದ್ಧ’ ಅಂದರೆ ಮರುದಿನ ಕೂಲಿ ಸಿಗುವುದಿಲ್ಲ. ಗಣಿಯಲ್ಲಿ ಸಂಬಳ ಕೊಡುವುದು ಲಂಡನ್ ಕಂಪನಿ. ಅವನು ಬುದ್ಧನಿಗೆ ಕೈ ಮುಗಿದನೋ ಮಾರಿಯಮ್ಮನಿಗೋ ಅದಕ್ಕೆ ಬೇಕಾಗಿಲ್ಲ. ಬೀದಿಯಲ್ಲಿ ತನ್ನಂಥವರೇ ಸಾವಿರಾರು ಜನ. ಚಂದಾ ಎತ್ತಿದರೆ ಹಾಲ್ ಕಟ್ಟಬಹುದು, ಪ್ರೆಸ್ ಇಡಬಹುದು, ರಾತ್ರಿ ಶಾಲೆ ನಡೆಸಬಹುದು. ಹಳ್ಳಿಯಲ್ಲಿ ಊರಾಚೆ ಇದ್ದವರಿಗೆ ಇಲ್ಲಿ ಊರೇ ತಮ್ಮದು. ವಲಸೆ ಬಂದವರು ತಮ್ಮ ಸಂಸ್ಕೃತಿಯನ್ನು ‘ಉಳಿಸಿಕೊಂಡರು’ ಅಂತ ನಾವು ಸಾಮಾನ್ಯವಾಗಿ ಬರೆಯುತ್ತೇವೆ. ಕೆಜಿಎಫ್‌ನಲ್ಲಿ ಆದದ್ದು ಅದಲ್ಲ. ಅವರು ಊರಿನಿಂದ ತಂದ ಗುರುತನ್ನು ಬೇಡವೆಂದು ಬಿಸಾಕಿ ಹೊಸದೊಂದನ್ನು ಕಟ್ಟಿಕೊಂಡರು. ಊರು ಬಿಟ್ಟದ್ದರಿಂದಲೇ ಅದು ಸಾಧ್ಯವಾಯಿತು.

‘ಆದಿ ದ್ರಾವಿಡ’ ಎಂಬ ಹೆಸರೂ ಇಂಥದ್ದೇ ಹೋರಾಟದಿಂದ ಬಂದದ್ದು. ಹಳೆಯ ಜಾತಿ ಹೆಸರುಗಳು ಬೈಗುಳವಾಗಿದ್ದವು. ಅವನ್ನು ಸರ್ಕಾರಿ ದಾಖಲೆಗಳಿಂದ ತೆಗೆಯಿರಿ ಎಂದು ಮದ್ರಾಸಿನ ದಲಿತ ನಾಯಕ ಎಂ.ಸಿ. ರಾಜಾ ಮುಂತಾದವರು ಕೇಳಿದರು. 1922ರಲ್ಲಿ ಮದ್ರಾಸ್ ಶಾಸನಸಭೆ ಒಪ್ಪಿತು. ಮೈಸೂರು ಸಂಸ್ಥಾನದಲ್ಲಿಯೂ ಆ ದಶಕದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ರೂಢಿಗೆ ಬಂದವು. ಅಂದರೆ ಈ ಹೆಸರು ಬಂದದ್ದೇ ಮೂಲ ಜಾತಿಯನ್ನು ಯಾರೂ ಮತ್ತೆ ಕೇಳಬಾರದು ಅಂತ. ಮುತ್ತಜ್ಜ ಹಟ ಮಾಡಿ ಅಳಿಸಿದ್ದನ್ನು 2025ರಲ್ಲಿ ಮರಿಮಗ ನೆನಪು ಮಾಡಿಕೊಂಡು ಬರೆಸಬೇಕಾಯಿತು. ಬರೆಸದಿದ್ದರೆ ಮಕ್ಕಳ ಸೀಟಿಗೆ, ಕೆಲಸಕ್ಕೆ ತೊಂದರೆ. ಆಯೋಗಕ್ಕೂ ಬೇರೆ ದಾರಿ ಇರಲಿಲ್ಲ ಅನ್ನಿ. ಒಳಗೆ ಯಾರು ಎಷ್ಟು ಹಿಂದುಳಿದಿದ್ದಾರೆ ಅಂತ ತಿಳಿಯದೆ ಪಾಲು ಮಾಡುವುದು ಹೇಗೆ? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣ ಮಾಡಬಹುದು ಅಂದಾಗಲೂ ಅದಕ್ಕೆ ಅಂಕಿಅಂಶದ ಆಧಾರ ಇರಬೇಕು ಅಂದಿತ್ತು. ಇಬ್ಬರ ಮಾತಿನಲ್ಲೂ ಹುರುಳಿದೆ, ಅದೇ ಇಲ್ಲಿನ ಕಷ್ಟ.

ಧರ್ಮದ ವಿಷಯದಲ್ಲಿ ಕಾನೂನು ಇನ್ನೂ ವಿಚಿತ್ರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಷ್ಟೇ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಕ್ರೈಸ್ತರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಜಾಗ ಇದೆ, ಅದು ಬೇರೆ ಪಟ್ಟಿ. ಕೆಜಿಎಫ್‌ನಲ್ಲಿ ಚರ್ಚುಗಳಿಗೆ ಕೊರತೆ ಇಲ್ಲ, ದಲಿತ ಕ್ರೈಸ್ತರಿಗೂ ಇಲ್ಲ. ಈಗ ಲೆಕ್ಕ ಹಾಕಿ. ಒಬ್ಬನೇ ಮುತ್ತಜ್ಜ, ಒಂದೇ ಶಾಫ್ಟಿಗೆ ಇಳಿದವನು. ಅವನ ಒಬ್ಬ ಮಗ ಅಮ್ಮನವರ ಜಾತ್ರೆಗೆ ಹೋದ, ಒಬ್ಬ ಬೌದ್ಧ ಸಂಘಕ್ಕೆ ಹೋದ, ಒಬ್ಬ ಚರ್ಚಿಗೆ ಹೋದ. ಮೂವರ ಮನೆಯ ನಡುವೆ ಎರಡು ಗೋಡೆ ಅಷ್ಟೇ. ಸರ್ಕಾರದ ಪ್ರಕಾರ 1990ರ ತನಕ ಮೊದಲನೆಯವನ ಮಕ್ಕಳು ಮಾತ್ರ ಪರಿಶಿಷ್ಟರು. ಬುದ್ಧನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಫಾರಂನಲ್ಲಿ ಹಿಂದೂ ಅಂತ ಬರೆಯುವುದನ್ನು ಜನ ಕಲಿತರೆ ಅದರಲ್ಲಿ ಆಶ್ಚರ್ಯವೇನು? ಜನಗಣತಿಯಲ್ಲಿ ಕಾಣುವ ಧರ್ಮದ ಅಂಕಿಯನ್ನು ನೋಡಿ ಕೆಜಿಎಫ್ ಜನರ ನಂಬಿಕೆ ಏನು ಅಂತ ಹೇಳಲು ಹೊರಟವರು ಮೋಸ ಹೋಗುತ್ತಾರೆ.

ಭಾಷೆಯ ಕಥೆಗೆ ಬರೋಣ. ಕೋಲಾರದ ಕಡೆಯವರಿಗೆ ಮೂರು ಭಾಷೆ ಒಟ್ಟಿಗೆ ಆಡುವುದು ದೊಡ್ಡ ವಿಷಯವೇ ಅಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ರಾಜ್ಯಗಳ ಪುನರ್ವಿಂಗಡಣೆ ಆದಾಗ ಜಿಲ್ಲೆಯಲ್ಲಿ ತೆಲುಗು ಮಾತಾಡುವವರೇ ಜಾಸ್ತಿ ಇದ್ದರೂ ಅದು ಮೈಸೂರಿನಲ್ಲೇ ಉಳಿಯಿತು, ಯಾರಿಗೂ ಅದು ಅಷ್ಟು ದೊಡ್ಡ ಗಾಯವಾಗಲಿಲ್ಲ. ಆದರೆ ಕೆಜಿಎಫ್ ಸ್ವಲ್ಪ ಬೇರೆ. ಅಲ್ಲಿ ಗೋಡೆಯ ಮೇಲೆ ತಮಿಳು, ಥಿಯೇಟರಿನಲ್ಲಿ ತಮಿಳು, ಚುನಾವಣೆ ಭಾಷಣವೂ ತಮಿಳು. ಈ ಮೀಸಲು ಕ್ಷೇತ್ರದಿಂದ ಕಮ್ಯುನಿಸ್ಟರು, ಅಂಬೇಡ್ಕರ್ ವಿಚಾರದ ರಿಪಬ್ಲಿಕನ್ ಪಕ್ಷದವರು, ಎಐಎಡಿಎಂಕೆಯವರು ಎಲ್ಲ ಗೆದ್ದು ವಿಧಾನಸಭೆಗೆ ಬಂದಿದ್ದಾರೆ. ಕರ್ನಾಟಕದಲ್ಲಿ ಇಂಥ ಕ್ಷೇತ್ರ ಇನ್ನೊಂದು ಹುಡುಕಿ ನೋಡಿ. ಇದನ್ನು ‘ಅವರ ಮನಸ್ಸು ಇನ್ನೂ ತಮಿಳುನಾಡಿನಲ್ಲಿದೆ’ ಅಂತ ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಮಿಳುನಾಡಿನಲ್ಲಿ ದಲಿತರಿಗೆ ಅಷ್ಟು ಸುಲಭವಾಗಿ ಸಿಗದ ರಾಜಕೀಯ ಶಕ್ತಿಯನ್ನು ಇಲ್ಲಿ ಅವರು ತಮ್ಮ ಸಂಖ್ಯೆಯಿಂದ, ಯೂನಿಯನ್ನಿನಿಂದ ಕಟ್ಟಿದರು. ಆ ರಾಜಕೀಯದ ಬೇರು ಗಣಿಯಲ್ಲಿತ್ತು.

1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆ ಆದಾಗ ಬೆಂಗಳೂರಿನಲ್ಲಿ ತಮಿಳರ ಮನೆಗಳ ಮೇಲೆ ದಾಳಿ ನಡೆಯಿತು. ಅದೇ ವರ್ಷ ಹಲಸೂರಿನಲ್ಲಿ ನಿಲ್ಲಿಸಿದ್ದ ತಮಿಳು ಕವಿ ತಿರುವಳ್ಳುವರ್ ವಿಗ್ರಹಕ್ಕೆ ಮುಸುಕು ಹಾಕಿದರು, 2009ರ ತನಕ ತೆಗೆಯಲಿಲ್ಲ. ಕರ್ನಾಟಕದಲ್ಲೇ ಹುಟ್ಟಿದ ತಮಿಳರಿಗೆ ಆ ವರ್ಷಗಳು ಕಲಿಸಿದ ಪಾಠ ಒಂದೇ: ನೀರಿನ ಜಗಳ ಎಲ್ಲೋ ಆದರೂ ಲೆಕ್ಕ ನಮ್ಮ ಹತ್ತಿರ ಕೇಳುತ್ತಾರೆ. ಅತ್ತ ತಮಿಳುನಾಡಿಗೆ ಹೋದರೂ ಸುಖವಿಲ್ಲ. ಅಲ್ಲಿ ಇವರ ಮಾತಿನಲ್ಲಿ ನುಸುಳುವ ಕನ್ನಡ, ತೆಲುಗು, ಇಂಗ್ಲಿಷ್ ಕೇಳಿ ‘ನೀವು ಆ ಕಡೆಯವರಾ’ ಅನ್ನುತ್ತಾರೆ.

ಇಷ್ಟು ದಿನ ಈ ಎಲ್ಲವನ್ನೂ ಹಿಡಿದಿಟ್ಟದ್ದು ಗಣಿ. 1956ರಲ್ಲಿ ಮೈಸೂರು ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆಳ ಜಾಸ್ತಿಯಾದಷ್ಟೂ ಚಿನ್ನ ಕಡಿಮೆ, ಖರ್ಚು ಹೆಚ್ಚು. 2001ರ ಫೆಬ್ರುವರಿ ಕೊನೆಗೆ ಬಾಗಿಲು ಹಾಕಿದರು. 120 ವರ್ಷದಲ್ಲಿ ತೆಗೆದದ್ದು ಸುಮಾರು 800 ಟನ್ ಚಿನ್ನ. (ಮಧ್ಯೆ ಒಂದು ಮಾತು: 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳೆಂಬ ಅತಿ ಸೂಕ್ಷ್ಮ ಕಣಗಳನ್ನು ಜಗತ್ತಿನಲ್ಲಿ ಮೊದಲು ಪತ್ತೆ ಮಾಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯ ಆಳದಲ್ಲಿ. ಈಗ ಕೆಜಿಎಫ್ ಅಂದರೆ ಮಕ್ಕಳಿಗೆ ಸಿನಿಮಾ ಮಾತ್ರ ಗೊತ್ತು, ಇದನ್ನೂ ಒಮ್ಮೆ ಹೇಳಿಕೊಡಿ.)

ಗಣಿ ಮುಚ್ಚಿದ ಮೇಲೆ ಜನ ಎಲ್ಲಿಗೆ ಹೋದರು ಅಂದರೆ, ಎಲ್ಲಿಗೂ ಹೋಗಲಿಲ್ಲ ಮತ್ತು ದಿನಾ ಹೋಗುತ್ತಾರೆ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹೊರಡುತ್ತದೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಗಣಿಗಳ ಹೆಸರಿನ ಪುಟ್ಟ ಸ್ಟೇಷನ್‌ಗಳಲ್ಲಿ ತುಂಬಿಕೊಳ್ಳುತ್ತ ಬಂಗಾರಪೇಟೆಗೆ ಬರುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಸೆಕ್ಯುರಿಟಿ ಗಾರ್ಡ್‌ಗಳು, ಮಾಲ್‌ಗಳ ಸೇಲ್ಸ್ ಹುಡುಗಿಯರು, ಗಾರ್ಮೆಂಟ್ಸ್‌ನವರು, ನರ್ಸ್‌ಗಳು, ಕಾಲ್ ಸೆಂಟರಿನವರು. ನೂರು ಕಿಲೋಮೀಟರ್ ಹೋಗುವುದು, ನೂರು ಬರುವುದು. ರೈಲಿನಲ್ಲಿ ಗುಂಪುಗಳಿವೆ, ಸೀಟಿನ ಹಕ್ಕುಗಳಿವೆ, ಭಜನೆ ಇದೆ, ಇಸ್ಪೀಟು ಇದೆ, ಚೀಟಿ ವ್ಯವಹಾರವೂ ಇದೆ. ಬೆಂಗಳೂರಿಗೆ ಮನೆ ಬದಲಾಯಿಸಬಹುದಲ್ಲ ಅಂದರೆ ಬಾಡಿಗೆ ಯಾರು ಕೊಡಬೇಕು? ಲೈನ್ ಮನೆಗೆ ಬಾಡಿಗೆ ಹೆಸರಿಗಷ್ಟೇ. ಹೀಗೆ ಮೊದಲ ತಲೆಮಾರು ಊರು ಬಿಟ್ಟು ಗಣಿಗೆ ಬಂತು, ನಾಲ್ಕನೇ ತಲೆಮಾರು ಊರು ಬಿಡದೆಯೇ ವಲಸೆ ಹೋಗುತ್ತಿದೆ, ದಿನಕ್ಕೊಮ್ಮೆ. ಈ ಹುಡುಗರ ಕನ್ನಡ ಅಪ್ಪಂದಿರ ಕನ್ನಡಕ್ಕಿಂತ ಚೆನ್ನಾಗಿದೆ, ಯಾಕೆಂದರೆ ಬೆಂಗಳೂರಿನ ಕೆಲಸ ಅದನ್ನು ಕೇಳುತ್ತದೆ.

ಈಗ ಬರುವುದು ನಿಜವಾದ ಗಂಟು. ಮನೆ ಯಾರದ್ದು?

ಲೈನ್ ಮನೆಗಳು ನಿಂತಿರುವುದು ಕಂಪನಿ ಜಮೀನಿನಲ್ಲಿ. ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿ ಸುಮಾರು 12 ಸಾವಿರ ಎಕರೆ ಇದೆ. ಕಾರ್ಮಿಕರು ಮನೆ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಗಣಿ ಮುಚ್ಚಿದ ದಿನದಿಂದ ಕೇಳುತ್ತಿದ್ದಾರೆ. ಅದರ ಸುತ್ತ ಎಷ್ಟೋ ಅರ್ಜಿ, ಎಷ್ಟೋ ಕೇಸು. ರಾಜ್ಯ ಸರ್ಕಾರಕ್ಕೆ ಆ ಜಮೀನಿನ ಒಂದು ಭಾಗದಲ್ಲಿ ಕೈಗಾರಿಕಾ ಪಾರ್ಕ್ ಮಾಡುವ ಆಸೆ. ಕೇಂದ್ರಕ್ಕೆ ಉಳಿದ ಚಿನ್ನದ ಆಸೆ. ಊರಿನ ನಡುವೆ 13 ದೊಡ್ಡ ಸೈನೈಡ್ ದಿಬ್ಬಗಳಿವೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣುಪು ಮಣ್ಣು, ಒಟ್ಟು 3.3 ಕೋಟಿ ಟನ್. ಗಾಳಿಕಾಲದಲ್ಲಿ ಅದು ಎದ್ದು ಊಟದ ತಟ್ಟೆಗೆ ಬೀಳುತ್ತದೆ. ಅದರಲ್ಲಿ ಇನ್ನೂ ಸ್ವಲ್ಪ ಚಿನ್ನ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಸುಮಾರು 1,003 ಎಕರೆಯ ಈ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸ್ಥಳೀಯರಿಗೆ ಕೆಲಸ ಸಿಗುತ್ತದೆ ಎಂಬ ಮಾತು ಆಗಲೇ ಕೇಳಿಬಂತು.

ಸ್ಥಳೀಯರು ಅಂದರೆ ಯಾರು? ಸರಿಯಾಗಿ ಮುಂದಿನ ತಿಂಗಳೇ, 2024ರ ಜುಲೈನಲ್ಲಿ, ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಉದ್ಯಮಿಗಳು ಗಲಾಟೆ ಮಾಡಿದ್ದರಿಂದ ಅದನ್ನು ತಡೆಹಿಡಿದರು. ಆದರೆ ಅದರ ವ್ಯಾಖ್ಯೆ ನೋಡಬೇಕು. ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಪ್ರೌಢಶಾಲೆಯಲ್ಲಿ ಕನ್ನಡ ಒಂದು ಭಾಷೆಯಾಗಿ ಓದಿರಬೇಕು, ಇಲ್ಲವೇ ಕನ್ನಡ ಪರೀಕ್ಷೆ ಪಾಸಾಗಬೇಕು. ಹುಟ್ಟು, ವಾಸ ಎರಡರಲ್ಲೂ ಕೆಜಿಎಫ್‌ನವರು ಪೂರ್ತಿ ಪಾಸು. ರೈಲಿನಲ್ಲಿ ಹೋಗುವ ಹುಡುಗಿ ಕನ್ನಡದಲ್ಲೂ ಪಾಸಾಗುತ್ತಾಳೆ. ಅವಳ ಅಪ್ಪ ತಮಿಳು ಮೀಡಿಯಂನಲ್ಲಿ ಓದಿದವನು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಬರೆಯಲು ಬರುವುದಿಲ್ಲ. ಹತ್ತಾರು ವರ್ಷ ಆ ದಿಬ್ಬ ಎತ್ತರವಾಗುವಂತೆ ಅದಿರು ಅಗೆದವನು ಅವನೇ. ದಿಬ್ಬದ ಕೆಲಸಕ್ಕೆ ಇಂಥ ನಿಯಮ ಬಂದರೆ ಅವನು ಸ್ಥಳೀಯನಲ್ಲ.

ಕನ್ನಡ ಕಲಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಎಲ್ಲ ಶಾಲೆಗಳಲ್ಲೂ ಮಕ್ಕಳು ಕಲಿಯುತ್ತಿದ್ದಾರೆ, ಕೆಜಿಎಫ್‌ನಲ್ಲೂ. ಐವತ್ತು ದಾಟಿದವರಿಗೆ ಪರೀಕ್ಷೆ ಇಡುವುದು ಬೇರೆ ವಿಷಯ. ದಿಬ್ಬಗಳಿಗೆ ಟೆಂಡರ್ ಕರೆಯುವಾಗಲೇ ಎರಡು ಷರತ್ತು ಹಾಕಿದರೆ ಸಾಕು. ಕೆಲಸದಲ್ಲಿ ಮೊದಲ ಹಕ್ಕು ಹಳೆಯ ಗಣಿ ಕಾರ್ಮಿಕರ ಮನೆಗಳಿಗೆ. ಮಣ್ಣು ಅಗೆಯಲು ಶುರು ಮಾಡುವ ಮೊದಲು ಲೈನ್ ಮನೆಗಳ ಹಕ್ಕುಪತ್ರ ಅದರಲ್ಲಿರುವವರ ಕೈಗೆ. ಜಾತಿ, ಭಾಷೆ, ಮೂಲದ ಊರು ಯಾವುದನ್ನೂ ಕೇಳದೆ ಇವೆರಡನ್ನೂ ಮಾಡಬಹುದು. ಯಾರು ಯಾವ ಶಾಫ್ಟಿನಲ್ಲಿ ಎಷ್ಟು ವರ್ಷ ದುಡಿದರು ಎಂಬ ದಾಖಲೆ ಕಂಪನಿಯ ಹತ್ತಿರವೇ ಇರಬೇಕಲ್ಲ.